ಕೆಟ್ಟು ನಿಂತವರ ತವರು

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳೇ ಪಿ.ಬಿ. ರಸ್ತೆಯಲ್ಲಿ ವಾಹನ ಕೆಟ್ಟು ಸಹಾಯಕ್ಕಾಗಿ ಕಾಯುತ್ತಿರುವ ಪ್ರಯಾಣಿಕರ ಪೈಕಿ, ಪ್ರಸಕ್ತ ಸಾಲಿನಲ್ಲಿ ಒಬ್ಬರ ಕೂದಲೂ ಕೊಂಕಿಲ್ಲ ಎಂಬುದನ್ನು ಈ ಮೂಲಕ ದೃಢೀಕರಿಸಲಾಗಿದೆ. ಅವರಲ್ಲಿ ಒಬ್ಬರೂ ಇನ್ನೂ ಮನೆಗೆ ಹೋಗಿಲ್ಲವಲ್ಲ ಎಂದು ಕೆಲವರು ತಕರಾರು ತೆಗೆಯುತ್ತಾರೆ. ಹೊಟ್ಟೆಕಿಚ್ಚಿಗೆ ಸರ್ಕಾರದ ಬಳಿ ಮದ್ದಿಲ್ಲ. ಜನರನ್ನು ಮನೆ ಮುಟ್ಟಿಸುವುದು ನಮ್ಮ ಕೋಶದ ಕೆಲಸವೇ ಅಲ್ಲ. ಕಾಯುವಷ್ಟು ಹೊತ್ತು ಅವರನ್ನು ಜೋಪಾನ ಮಾಡುವುದು ನಮ್ಮ ಕೆಲಸ, ಅದನ್ನು ಮಾಡುತ್ತಿದ್ದೇವೆ.

ಕೋಶದ ಪೂರ್ಣ ಹೆಸರು ಕೆಟ್ಟು ನಿಂತ ವಾಹನಗಳ ಪ್ರಯಾಣಿಕರ ಸುರಕ್ಷಿತ ಕಾಯುವಿಕೆ ಕೋಶ. ಬಾಯಿಗೆ ಉದ್ದವಾಯಿತೆಂದು ಜನ ‘ಕೆಟ್ಟ ಕೋಶ’ ಎನ್ನುತ್ತಾರೆ, ಅದಕ್ಕೆ ನಾವು ಬೇಸರ ಮಾಡಿಕೊಂಡಿಲ್ಲ. ನಾನು ಶಿವಮೂರ್ತಿ, ಕೋಶದ ಸ್ಥಳ ಮೇಲ್ವಿಚಾರಕ. ನನ್ನ ಮೇಲೆ ಶಾಂತಕುಮಾರಿ ಮೇಡಂ ಇದ್ದಾರೆ. ನನ್ನ ಕೆಳಗೆ ಹುದ್ದೆಗಳು ಮಂಜೂರಾಗಿವೆ, ಮನುಷ್ಯರು ಇನ್ನೂ ಮಂಜೂರಾಗಿಲ್ಲ. ರಸ್ತೆಯ ಮೇಲೆ ಇಡುವ ಕಿತ್ತಳೆ ಬಣ್ಣದ ಕೋನ್‌ಗಳನ್ನು ದಿನಬಾಡಿಗೆಗೆ ಒದಗಿಸುವವರು ವೀರೇಶ್. ಇವರು ಮೇಡಂ ಅವರ ಒಡಹುಟ್ಟಿದ ತಮ್ಮ. ತಮ್ಮನಾದದ್ದು ಟೆಂಡರ್‌ಗಿಂತ ಎಷ್ಟೋ ವರ್ಷ ಮೊದಲು, ಹಾಗಾಗಿ ಇದರಲ್ಲಿ ಪಕ್ಷಪಾತದ ಮಾತು ಬರುವುದಿಲ್ಲ. ಕೋನ್ ಎಷ್ಟು ದಿನ ರಸ್ತೆಯಲ್ಲಿ ನಿಲ್ಲುತ್ತದೋ ಅಷ್ಟು ದಿನ ಬಾಡಿಗೆ. ಇದನ್ನು ಸುಮ್ಮನೆ ಮಾಹಿತಿಗಾಗಿ ಹೇಳಿದೆ.

ಈಗ ಪ್ರಕರಣಕ್ಕೆ ಬರುತ್ತೇನೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿರುವ ಮುನಾಫ್ ಸಾಹೇಬರು ಮತ್ತು ಅವರ ಮನೆಯವರು ಖೈರುನ್ನೀಸಾ, ಒಂದು ಬೆಳಿಗ್ಗೆ ತಮ್ಮ ಬಿಳಿ ಓಮ್ನಿಯಲ್ಲಿ ಹರಿಹರಕ್ಕೆ ಹೊರಟಿದ್ದರು. ಮಾಮೂಲಿ ದಿನ ಆ ಗಾಡಿಯ ತುಂಬ ಮಂಡಕ್ಕಿ ಚೀಲ ಇರುತ್ತಿದ್ದವು. ಅವತ್ತು ಹಿಂದಿನ ಸೀಟಿಗೆ ಕೌದಿ ಹಾಸಿ ದಿಂಬು ಇಟ್ಟಿದ್ದರು. ಮಗಳು ಸಾಯಿಮಾಳನ್ನು ಹರಿಹರದ ಗಂಡನ ಮನೆಯಿಂದ ಹೆರಿಗೆಗೆ ಕರೆತರಬೇಕಿತ್ತು. ಎಂಟು ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬ ವಿಷಯದಲ್ಲಿ ನಮ್ಮ ಕಡೆ ಯಾವ ಜಾತಿಗೂ ಯಾವ ಧರ್ಮಕ್ಕೂ ಭಿನ್ನಾಭಿಪ್ರಾಯವಿಲ್ಲ. ಖೈರುನ್ನೀಸಾ ನಡುಕೋಣೆಗೆ ಸುಣ್ಣ ಬಳಿಸಿ, ಅಟ್ಟದ ಮೇಲಿದ್ದ ತೊಟ್ಟಿಲು ಇಳಿಸಿ, ಅಂಟಿನುಂಡೆಗೆ ಒಣಕೊಬ್ಬರಿ ತುರಿದಿಟ್ಟು ಬಂದಿದ್ದರು. ಸಾಯಿಮಾ ಒಬ್ಬಳೇ ಮಗಳು. “ಅಮ್ಮೀ, ನಿನ್ನ ಕೈ ಹಿಡ್ಕೊಂಡೇ ಹಡೀತೀನಿ, ಇಲ್ಲಾಂದ್ರೆ ನನಗೆ ಧೈರ್ಯ ಸಾಲಲ್ಲ” ಎಂದಿದ್ದಳಂತೆ. ಈ ಮಾತನ್ನು ಆ ತಾಯಿ ನನಗೆ ಎಷ್ಟು ಸಲ ಹೇಳಿದ್ದಾರೆಂದರೆ, ಕಡತದಲ್ಲಿ ಇಲ್ಲದಿದ್ದರೂ ನನಗೆ ಬಾಯಿಪಾಠವಾಗಿದೆ.

ಊರು ದಾಟಿ ಒಂದಷ್ಟು ದೂರ ಬಂದಮೇಲೆ ಓಮ್ನಿ ಕೆಮ್ಮಿತು, ನಿಂತಿತು. ಮುನಾಫ್ ಸಾಹೇಬರು ಅದನ್ನು ತಳ್ಳಿ ಎಡಕ್ಕೆ ತಂದರು. ಮಿಣುಕು ದೀಪ ಹಾಕಿದರು. ಹೆಂಡತಿಯನ್ನು ಎಡಗಡೆ ಬಾಗಿಲಿಂದಲೇ ಇಳಿಸಿ, ರಸ್ತೆಯಿಂದ ದೂರ ಬೇವಿನ ಮರದ ಕೆಳಗೆ ಕೂಡಿಸಿದರು. ನಮ್ಮ ಕಡೆಯ ರೂಢಿಯಂತೆ ಒಂದು ಹಸಿ ಟೊಂಗೆ ಮುರಿದು ಗಾಡಿಯ ಹಿಂಬದಿಗೆ ಸಿಕ್ಕಿಸಿ, ಇನ್ನೂ ಹಿಂದೆ ಒಂದಿಷ್ಟು ಕಲ್ಲು ಇಟ್ಟರು. ಹಿಂದಿನಿಂದ ಬರುವ ಲಾರಿಯವರು ಟೊಂಗೆ ನೋಡಿದರೆ ಸಾಕು, ಗಾಡಿ ಕೆಟ್ಟಿದೆ ಎಂದು ತಿಳಿದು ಬಲಕ್ಕೆ ಹೋಗುತ್ತಾರೆ. ಇಷ್ಟೆಲ್ಲ ಮಾಡಿ ಅವರು ಮುಂದಿನ ಸೀಟು ಎತ್ತಿ, ಅದರಡಿಯ ಇಂಜಿನ್ನಿಗೆ ಕೈ ಹಾಕಿದರು. ಆ ಹೊತ್ತಿಗೆ ಖೈರುನ್ನೀಸಾ ಅವರ ಕಣ್ಣಿಗೆ ನಮ್ಮ ಫಲಕ ಬಿತ್ತು. “ವಾಹನ ಕೆಟ್ಟಿದೆಯೇ? ಗಾಬರಿ ಬೇಡ. ಈ ಸಂಖ್ಯೆಗೆ ಕರೆ ಮಾಡಿ.” ಅವರಿಗೆ ಗಾಬರಿಯೇನೂ ಆಗಿರಲಿಲ್ಲ, ಆದರೂ ಕರೆ ಮಾಡಿದರು.

ನಾನು ಸ್ಕೂಟರ್ ಹತ್ತಿ ಕೂಡಲೇ ಹೋದೆ. ನಮ್ಮದು ಸಹಾಯವಲ್ಲವಾದ್ದರಿಂದ ಬೇಗ ಹೋಗಲು ಯಾವ ಅಡ್ಡಿಯೂ ಇಲ್ಲ. ಹೋಗಿ ನೋಡಿದರೆ ಇಬ್ಬರೂ ಆಗಲೇ ಸುರಕ್ಷಿತವಾಗಿಬಿಟ್ಟಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು.

“ಯಾರನ್ನ ಕೇಳಿ ಸುರಕ್ಷಿತವಾಗಿ ನಿಂತೀರಿ?” ಎಂದೆ.

ಮುನಾಫ್ ಸಾಹೇಬರು ಸೀಟಿನಡಿಯಿಂದ ತಲೆ ಎತ್ತಿದರು. “ಹಂಗಂದ್ರೆ ಏನ್ರಿ ಸಾಹೇಬ್ರೆ?”

“ಈ ಕಲ್ಲು, ಟೊಂಗೆ ಎಲ್ಲಾ ಯಾರು ಇಡೋಕೆ ಹೇಳಿದ್ದು? ಇದಕ್ಕಂತ ಒಂದು ಕೋಶ ಐತೆ. ನಾವು ಬಂದು ಘೋಷಣೆ ಮಾಡೋತನಕ ನೀವು ಅಪಾಯದಾಗೇ ಇರ್ಬೇಕು.”

“ಆತು, ಅಪಾಯದಾಗೇ ಅದೀವಿ ಅಂತ ತಿಳ್ಕೊಳ್ರಿ. ಒಂಚೂರು ತಡೀರಿ, ಯಾವ್ದೋ ವೈರ್ ಬಿಟ್ಟಂಗೈತೆ. ಸಿಕ್ಕಿಸಿದ್ರೆ ನಮ್ಮ ಪಾಡಿಗೆ ನಾವು ಹೊಂಟೆವು.”

ಇಂಥ ತಿಳುವಳಿಕೆಯಿಲ್ಲದ ಮಾತಿನಿಂದಲೇ ದೇಶ ಹಿಂದೆ ಬಿದ್ದಿರುವುದು. ನಮ್ಮ ನಿಯಮ ಸ್ಪಷ್ಟವಾಗಿದೆ: ಕಾಯುವವರು ರಿಪೇರಿ ಮಾಡುವಂತಿಲ್ಲ, ರಿಪೇರಿ ಮಾಡುವವರು ಕಾಯುವಂತಿಲ್ಲ. ಕರೆ ಮಾಡಿದ ಕ್ಷಣದಿಂದ ಅವರಿಬ್ಬರೂ ನೋಂದಾಯಿತ ಕಾಯುವವರಾಗಿದ್ದರು. ನಾನೇ ಕೈಯಾರೆ ಸೀಟು ಇಳಿಸಿ ಕೂಡಿಸಿದೆ. ಇಬ್ಬರಿಗೂ ಮಿನುಗುವ ಜಾಕೆಟ್ ತೊಡಿಸಿದೆ. ಇಬ್ಬರು ಎಂದು ನಮೂದಿಸಿಕೊಂಡೆ. ಕಲ್ಲುಗಳನ್ನು ತೆಗೆಸಿದೆ. ಟೊಂಗೆಯನ್ನೂ ತೆಗೆಸುತ್ತಿದ್ದೆ, ಆದರೆ ಗಿಡಮರ ಬೇರೆ ಇಲಾಖೆಯ ಸ್ವತ್ತಾದ್ದರಿಂದ ಮುಟ್ಟಲಿಲ್ಲ. ಅಷ್ಟರಲ್ಲಿ ವೀರೇಶ್ ಟೆಂಪೋ ತುಂಬ ಕೋನ್ ತಂದು, ಅರ್ಧ ರಸ್ತೆ ಒಳಗೆ ಬರುವಂತೆ ಸುತ್ತ ಜೋಡಿಸಿ, ಫಲಕ ನೆಟ್ಟರು: “ಸುರಕ್ಷಿತ ವಲಯ. ಒಳಗಿರುವವರ ಹಿತದೃಷ್ಟಿಯಿಂದ ಇಲ್ಲಿಗೆ ಯಾವುದೇ ವಾಹನ ಪ್ರವೇಶಿಸುವಂತಿಲ್ಲ, ಇಲ್ಲಿಂದ ಯಾವುದೇ ವಾಹನ ಹೊರಡುವಂತಿಲ್ಲ, ಇದರ ಅಕ್ಕಪಕ್ಕ ನಿಲ್ಲುವಂತಿಲ್ಲ.”

ಆ ಕೋನ್‌ಗಳಿಗೆ ಬಡಿದು ಮೊದಲ ದಿನವೇ ಕೆಲವು ಬೈಕಿನವರು ಮಂಡಿ ಕೆತ್ತಿಸಿಕೊಂಡರು. ಅವರು ಕಾಯುವವರಲ್ಲ, ಚಲಿಸುವವರು, ಆದ್ದರಿಂದ ನಮ್ಮ ಅಂಕಿಅಂಶಕ್ಕೆ ಬರುವುದಿಲ್ಲ.

ಖೈರುನ್ನೀಸಾ ಗಂಡನ ಹತ್ತಿರ ಬಂದು, “ಏನ್ರೀ, ನೀವು ಗಾಡಿ ಹತ್ರ ಇರ್ರಿ. ನಾ ಬಸ್ ಹತ್ತಿ ಹೋಗ್ತೀನಿ. ಹುಡುಗಿ ಬ್ಯಾಗ್ ಕಟ್ಕೊಂಡು ಬಾಗ್ಲಾಗೆ ಕುಂತಿರ್ತಾಳೆ” ಎಂದರು. ಆ ರಸ್ತೆಯಲ್ಲಿ ಬಸ್ಸಿಗೇನೂ ಬರ ಇಲ್ಲ. ಒಂದು ಹರಿಹರದ ಬಸ್ಸು ಬಂದೇಬಿಟ್ಟಿತು. ಕೈ ಅಡ್ಡ ಹಿಡಿದರು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, “ಇಲ್ಲಿ ನಿಲ್ಸಂಗಿಲ್ಲಮ್ಮ, ಬೋರ್ಡ್ ಹಾಕ್ಯಾರೆ, ನಿಮ್ಮ ಸಲುವಾಗೇ” ಎಂದು ಕೂಗಿಕೊಂಡು ಹೋದ. ನಿಯಮ ಪಾಲಿಸುವ ಇಂಥ ಕಂಡಕ್ಟರ್‌ಗಳು ನಮ್ಮ ಜಿಲ್ಲೆಯ ಭಾಗ್ಯ.

“ಆಯ್ತು, ಮುಂದಕ್ಕೆ ನಡ್ಕೊಂಡು ಹೋಗಿ ಹತ್ತತೀನಿ” ಎಂದು ಅವರು ಸೆರಗು ಸುತ್ತಿಕೊಂಡರು. ನಾನು ತಡೆದೆ.

“ಅಮ್ಮಾರೆ, ಇಬ್ರು ಅಂತ ಬರ್ದಾಗೈತೆ. ಸಂಜಿಗೆ ಎಣಿಸಿದಾಗ ಒಬ್ರೇ ಇದ್ರೆ, ಇನ್ನೊಬ್ರನ್ನ ಮೃತರು ಅಂತ ತೋರಿಸ್ಬೇಕಾಗ್ತೈತೆ. ಬ್ಯಾರೆ ಕಾಲಂ ಇಲ್ಲ.”

“ತೋರಿಸ್ರಿ. ಸತ್ತೋದ್ಲು ಅಂತ ಬರ್ಕೊಳ್ರಿ. ನಾ ಮಗಳ ಹತ್ರ ಹೋಗ್ತೀನಿ.”

“ಬರೀಬಹುದು. ಆದ್ರೆ ಸತ್ತೋರ ಆಧಾರ್ ನಡಿಯಲ್ಲ. ನಾಳೆ ಮಗಳನ್ನ ಆಸ್ಪತ್ರಿಗೆ ಸೇರಿಸುವಾಗ ತಾಯಿ ಅಂತ ಸಹಿ ಹಾಕೋರು ಯಾರು? ಸತ್ತೋರಿಗೆ ಬಾಣಂತನ ಮಾಡೋಕೆ ಬರ್ತೈತಾ, ನೀವೇ ಹೇಳ್ರಿ.”

ಆ ತಾಯಿ ಹೋಗಿ ಬೇವಿನ ಮರದ ಕೆಳಗೆ ಕೂತರು. ಮುನಾಫ್ ಸಾಹೇಬರಿಗೆ ಇನ್ನೊಂದು ಬುದ್ಧಿವಂತಿಕೆ ಹೊಳೆಯಿತು.

“ಹಂಗಾದ್ರೆ ಇಬ್ರೂ ಗಾಡಿ ಬಿಟ್ಟು ಹೋಗ್ತೀವಿ. ಇಬ್ರೂ ಸತ್ವಿ ಅಂದ್ಕೊಳ್ರಿ. ಆಗ?”

“ವಾರಸುದಾರರಿಲ್ಲದ ಗಾಡಿ ಅಂತ ತಕ್ಷಣ ಎಳ್ಕೊಂಡು ಹೋಗ್ತಾರೆ.”

“ಅದೇ ಅಲ್ವಾ ನಮಗೆ ಬೇಕಾಗಿರೋದು.”

“ಅಲ್ಲ. ನೀವಿದ್ದಾಗ ಎಳ್ಕೊಂಡು ಹೋದ್ರೆ ಅದು ಸಹಾಯ. ನೀವಿಲ್ದಾಗ ಎಳ್ಕೊಂಡು ಹೋದ್ರೆ ಅದು ಜಪ್ತಿ. ಹಗ್ಗ ಒಂದೇ, ಕಡತ ಬ್ಯಾರೆ.”

ಅವರ ಭಟ್ಟಿಯ ಮಂಡಕ್ಕಿಯೆಲ್ಲ ಆ ಓಮ್ನಿಯಲ್ಲೇ ಅಂಗಡಿ ಅಂಗಡಿಗೆ ಹೋಗುತ್ತಿತ್ತು. ಅವರೂ ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತರು. “ಹಿರೇರು ಕೆಟ್ಟು ಪಟ್ಟಣ ಸೇರು ಅಂದ್ರು. ನಾವು ಪಟ್ಟಣ ಬಿಟ್ಟು ಬಂದು ಕೆಟ್ವಿ ನೋಡು” ಎಂದರು. ಖೈರುನ್ನೀಸಾ ಮಗಳಿಗೆ ಫೋನ್ ಹಚ್ಚಿ, “ಬೇಟಿ, ಗಾಡಿ ಕೆಟ್ಟೈತೆ, ಇನ್ನೇನು ಬಂದ್ವಿ, ಊಟ ಮಾಡು” ಎಂದಷ್ಟೇ ಹೇಳಿದರು.

ನಮ್ಮ ಮೇಲೆ ಆರೋಪ ಮಾಡುವವರು ಒಂದು ವಿಷಯ ಮರೆಯುತ್ತಾರೆ. ಸಹಾಯ ಅಂದೇ ಬಂದಿತ್ತು. ಮುನಾಫ್ ಸಾಹೇಬರ ಗೆಳೆಯ ಖಾಜಾ ಹುಸೇನ್, ಹರಿಹರದವರು, ಕೆಟ್ಟ ಗಾಡಿ ಎಳೆಯುವ ಲಾರಿ ಇಟ್ಟುಕೊಂಡವರು, ಸುದ್ದಿ ಕೇಳಿದವರೇ ಲಾರಿ ತಂದರು. ನಾನು ಅವರಿಗೆ ಫಲಕ ತೋರಿಸಿದೆ. ವಲಯದೊಳಗೆ ಯಾವುದೇ ವಾಹನ ಪ್ರವೇಶಿಸುವಂತಿಲ್ಲ ಎಂದಮೇಲೆ ಅದರಲ್ಲಿ ಸಹಾಯದ ವಾಹನವೂ ಬಂತು. ಒಬ್ಬರಿಗೊಂದು ನ್ಯಾಯ ಇನ್ನೊಬ್ಬರಿಗೊಂದು ನ್ಯಾಯ ಮಾಡಲಾಗುವುದಿಲ್ಲ. ಅವರು ಕೋನ್‌ಗಳ ಹೊರಗೆ ಲಾರಿ ನಿಲ್ಲಿಸಿಕೊಂಡು ವಾದಕ್ಕೆ ನಿಂತರು. ನಮ್ಮ ನಿಯಮದಲ್ಲಿ ರಸ್ತೆಯ ಮೇಲೆ ಹೋಗುತ್ತಿರುವುದು ವಾಹನ, ನಿಂತಿರುವುದು ಕೆಟ್ಟ ವಾಹನ.

“ಕೆಟ್ಟಿಲ್ಲ ಸಾಹೇಬ್ರೆ, ನಿಂತೀನಿ ಅಷ್ಟೆ.”

“ಯಾಕ ನಿಂತಿದ್ದು?”

“ನೀವು ನಿಲ್ಸಿದ್ರಿ.”

“ಕಾರಣ ನಮಗೆ ಬ್ಯಾಡ. ನಿಂತಿದ್ದು ಹೌದೋ ಅಲ್ವೋ?”

ಖಾಜಾ ಹುಸೇನ್ ಪ್ರಾಮಾಣಿಕ ಮನುಷ್ಯ, ಹೌದು ಎಂದರು. ಅವರಿಗೂ ಜಾಕೆಟ್ ಹಾಕಿಸಿದೆ. ವೀರೇಶ್ ಇನ್ನೊಂದು ಟೆಂಪೋ ಕೋನ್ ತಂದರು. ಸುರಕ್ಷಿತ ವಲಯ ಅಂದೇ ದುಪ್ಪಟ್ಟಾಯಿತು. ಮೇಡಂ ಫೋನಿನಲ್ಲಿ ನನ್ನನ್ನು ಅಭಿನಂದಿಸಿದರು.

ಮರುದಿನದಿಂದ ಮೈಕಿನ ಆಟೋ ಎರಡೂ ಊರುಗಳಲ್ಲಿ ಸುತ್ತತೊಡಗಿತು. ಪ್ರಕಟಣೆಯನ್ನು ಮೇಡಂ ಅವರೇ ಬರೆದಿದ್ದರು. “ಮಾನ್ಯ ನಾಗರಿಕರೇ, ತಮ್ಮ ವಾಹನ ಕೆಟ್ಟು ನಿಂತಲ್ಲಿ ಇಂಜಿನ್ ಮುಟ್ಟಬೇಡಿ, ಟೊಂಗೆ ಮುರಿಯಬೇಡಿ, ಸ್ನೇಹಿತರನ್ನು ಕರೆಯಬೇಡಿ, ನಡೆದು ಹೋಗಬೇಡಿ. ಕೋಶಕ್ಕೆ ತಿಳಿಸಿ ನಿರಾತಂಕವಾಗಿ ಕಾಯಿರಿ. ತಾಳಿದವನು ಬಾಳಿಯಾನು. ನಿಮ್ಮ ಕಾಯುವಿಕೆ ನಮಗೆ ಅತ್ಯಮೂಲ್ಯ.” ಕೊನೆಯ ವಾಕ್ಯದ ಪ್ರತಿ ಅಕ್ಷರವೂ ನಿಜ. ವೀರೇಶ್ ಆಗಲೇ ಹೊಸ ಮನೆಗೆ ಪಾಯ ತೆಗೆಸಿದ್ದರು.

ದಿನಗಳು ಉರುಳಿದವು. ವಲಯದಲ್ಲಿ ಜೀವನ ಒಂದು ಹದಕ್ಕೆ ಬಂತು. ರಾತ್ರಿ ಗಂಡಸರು ಖಾಜಾ ಹುಸೇನರ ಲಾರಿಯಲ್ಲಿ ಮಲಗುತ್ತಿದ್ದರು, ಖೈರುನ್ನೀಸಾ ಓಮ್ನಿಯಲ್ಲಿ, ಮಗಳಿಗೆಂದು ಹಾಸಿದ್ದ ಕೌದಿಯ ಮೇಲೆ. ಮುನಾಫ್ ಸಾಹೇಬರ ತಂಗಿ ಫಿರ್ದೌಸ್ ದಿನಾ ಊಟದ ಡಬ್ಬಿ ತಂದು ಕೋನ್ ಆಚೆ ಇಟ್ಟು ಹೋಗುತ್ತಿದ್ದಳು. ಅವಳ ಸ್ಕೂಟಿಯನ್ನು ನಿಲ್ಲಿಸುವಂತಿಲ್ಲವಾದ್ದರಿಂದ ನಿಧಾನವಾಗಿ ಓಡಿಸುತ್ತಲೇ ಡಬ್ಬಿ ಕೊಡುವುದನ್ನು ರೂಢಿ ಮಾಡಿಕೊಂಡಳು. ಬರುಬರುತ್ತ ಡಬ್ಬಿಯ ಜೊತೆ ಭಟ್ಟಿಯಿಂದ ಮಂಡಕ್ಕಿ ಚೀಲವೂ ಬಂತು. ನೋಡಲು ಬಂದ ಜನಕ್ಕೆ ಮುನಾಫ್ ಸಾಹೇಬರು ಮಂಡಕ್ಕಿಗೆ ಒಗ್ಗರಣೆ ಹಾಕಿ ಕೊಡಲು ಶುರು ಮಾಡಿದರು. ಅದರ ಘಮಕ್ಕೆ ಜನ ಇನ್ನೂ ಹೆಚ್ಚಾದರು.

ಖೈರುನ್ನೀಸಾ ಮಾತ್ರ ದಿನಾ ಬೆಳಿಗ್ಗೆ ನನ್ನ ಸ್ಕೂಟರ್ ಕಂಡ ಕೂಡಲೇ ಎದ್ದು ಬಂದು ಒಂದೇ ಮಾತು ಕೇಳುತ್ತಿದ್ದರು. “ಇವತ್ತು ಬಿಡ್ತೀರೇನ್ರಿ?”

“ಸಹಾಯ ಬರ್ಲಿ ಅಮ್ಮಾರೆ.”

“ಬಂದು ಇಲ್ಲೇ ನಿಂತೈತಲ್ರಿ, ಲಾರಿ.”

“ಅದು ಈಗ ಸಹಾಯ ಅಲ್ಲ. ಅದೂ ಕಾಯ್ತಾ ಐತೆ.”

“ಹುಡುಗೀಗೆ ಒಂಬತ್ತು ಬಿದ್ದೈತೆ. ಕಾಲು ಬಾವು ಬಂದಾವೆ ಅಂತಾಳೆ. ಅತ್ತಿ ಒಳ್ಳೇಕಿ, ಇಲ್ಲ ಅನ್ನಲ್ಲ, ಆದ್ರೆ ತಾಯಿ ತಾಯೀನೇ ಅಲ್ವೇನ್ರಿ.” ಹೀಗೆಂದು ಹಿಂದಕ್ಕೆ ಹೋಗಿ ಕೂರುತ್ತಿದ್ದರು. ಅವರ ಕಣ್ಣು ಸದಾ ಹರಿಹರದ ದಿಕ್ಕಿಗೇ ಇರುತ್ತಿತ್ತು. ರಸ್ತೆಯ ಕಡೆ ಗಮನ ಕೊಡುವುದು ಸುರಕ್ಷತೆಯ ಲಕ್ಷಣವಾದ್ದರಿಂದ ನಾನೂ ಆಕ್ಷೇಪಿಸಲಿಲ್ಲ.

ಅಮಾವಾಸ್ಯೆಯ ದಿನ ಉಕ್ಕಡಗಾತ್ರಿಗೆ ಹೊರಟಿದ್ದ ಭಕ್ತರ ಟ್ರ್ಯಾಕ್ಟರ್ ಒಂದು ಅಲ್ಲಿ ನಿಧಾನಿಸಿತು. ಜಾಕೆಟ್ ತೊಟ್ಟು, ಸುತ್ತ ಕೋನ್ ಇಟ್ಟುಕೊಂಡು, ಗಾಡಿಗೆ ಬೇವಿನ ಟೊಂಗೆ ಕಟ್ಟಿಕೊಂಡು ಮೌನವಾಗಿ ಕೂತವರನ್ನು ಕಂಡು ಮೈಲಮ್ಮ ಎಂಬ ಮುದುಕಿಗೆ ಕರುಳು ಚುರ್ ಎಂದಿತು. ಗಾಳಿ ಸೋಕಿದವರನ್ನು ಬಿಡಿಸಲು ಆ ಕಡೆ ಕರೆದೊಯ್ಯುವುದು ವಾಡಿಕೆ.

“ಯಾವ ಗಾಳಿ ಸೋಕೈತವ್ವ ನಿಮಗೆ?” ಎಂದು ಕೇಳಿದಳು.

“ಸರ್ಕಾರದ್ದು,” ಎಂದರು ಖೈರುನ್ನೀಸಾ.

ಮೈಲಮ್ಮ “ಅದು ಬಿಡಿಸೋದು ತ್ರಾಸ್ ಐತವ್ವ” ಎಂದು ಎರಡು ಬಾಳೆಹಣ್ಣು ಕೊಟ್ಟು ಹೋದಳು.

ಇತ್ತ ಸಾಯಿಮಾಳಿಗೆ ದಿನ ತುಂಬಿತು. ಒಂದು ಮಧ್ಯಾಹ್ನ ಆಟೋವೊಂದು ವಲಯದ ಪಕ್ಕ ಬಂದು, ನಿಲ್ಲುವಂತಿಲ್ಲವಾದ್ದರಿಂದ ಆಮೆಯಂತೆ ತೆವಳಿತು. ಅದರಿಂದ ತುಂಬು ಬಸುರಿಯೊಬ್ಬಳು ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಇಳಿದಳು. ಕೋನ್ ದಾಟಿ ಸೀದಾ ಒಳಗೆ ಬಂದಳು. ನಾನು ಅಡ್ಡ ಹೋದೆ.

“ಎಲ್ಲಿಗಮ್ಮ? ಇಲ್ಲಿ ನೋಂದಾಯಿತರಿಗೆ ಮಾತ್ರ ಪ್ರವೇಶ.”

“ತವರು ಮನಿಗೆ ಬಂದೀನಿ ಅಂಕಲ್” ಎಂದಳು ಸಾಯಿಮಾ.

“ಇದು ತವರಲ್ಲ, ಸುರಕ್ಷಿತ ವಲಯ.”

“ನಮ್ಮಮ್ಮಿ ಎಲ್ಲದಾಳೋ ಅದೇ ತವರು. ದಾರಿ ಬಿಡ್ರಿ, ನನಗೆ ನಿಲ್ಲೋಕಾಗವಲ್ದು.”

ಖೈರುನ್ನೀಸಾ ಓಡಿ ಬಂದು ಮಗಳನ್ನು ತಬ್ಬಿಕೊಂಡರು. ಇಬ್ಬರೂ ಅತ್ತರು. ಮುನಾಫ್ ಸಾಹೇಬರು ಒಗ್ಗರಣೆ ಸೌಟು ಹಿಡಿದುಕೊಂಡೇ ಅತ್ತರು. ನಾನೂ ಕಣ್ಣೊರೆಸಿಕೊಂಡೆ ಎಂದು ಒಪ್ಪಿಕೊಳ್ಳುತ್ತೇನೆ, ಆದರೆ ಅದಕ್ಕೆ ಕಾಲಂ ಇಲ್ಲ. ಮೇಡಂಗೆ ಫೋನ್ ಮಾಡಿದೆ. ಅವರು ನಿಯಮ ತಿರುವಿ ಹಾಕಿ, ಕಾಯುವವರನ್ನು ಕಾಯಲು ಬಂದವರೂ ಕಾಯುವವರೇ ಎಂದು ತೀರ್ಮಾನಿಸಿದರು. ಸಾಯಿಮಾಳಿಗೂ ಜಾಕೆಟ್ ಬಂತು. ಗುಂಡಿ ಹಾಕಲು ಆಗಲಿಲ್ಲ, ದಾರ ಕಟ್ಟಿದೆವು.

ಆ ಸಂಜೆಯೇ ನೋವು ಕಾಣಿಸಿಕೊಂಡಿತು. ಖಾಜಾ ಹುಸೇನ್ ಆಂಬುಲೆನ್ಸ್‌ಗೆ ಫೋನ್ ಮಾಡಿದರು, ಅದು ತಡಮಾಡದೆ ಬಂತು. ಕೋನ್‌ಗಳ ಹೊರಗೆ ನಿಂತಿತು. ನಿಂತದ್ದೇ ತಡ, ಅದು ಏನಾಯಿತೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಒಳಗಿದ್ದ ನರ್ಸ್ ಸರೋಜಾ ಸಿಸ್ಟರ್ ಇಳಿದು ಬಂದು, “ಸರ್, ಹುಡುಗೀನ ಹತ್ತಿಸ್ಕೊಂಡು ಹೋಗ್ತೀವಿ. ಚೊಚ್ಚಲು, ಹೆಚ್ಚೂಕಮ್ಮಿ ಆದ್ರೆ ಎರಡು ಜೀವ” ಎಂದರು. ನಾನು ಕಲ್ಲು ಮನುಷ್ಯನಲ್ಲ. ಕೂಡಲೇ ಮೇಡಂಗೆ ಫೋನ್ ಹಚ್ಚಿದೆ.

“ಮೇಡಂ, ಆಂಬುಲೆನ್ಸ್ ಬಂದೈತೆ. ಸಹಾಯ ಬಂತು ಅಂತ ಬರ್ಕೊಂಡು ಕಳಿಸ್ಲಾ?”

“ಶಿವಮೂರ್ತಿಯವರೇ, ನಮ್ಮ ಪ್ರಯಾಣಿಕರು ಯಾವ ಸಹಾಯಕ್ಕೆ ಕಾಯ್ತಿದಾರೆ?”

“ಮೋಟಾರು ಸಹಾಯಕ್ಕೆ, ಮೇಡಂ.”

“ಬಂದಿರೋದು?”

“ಆರೋಗ್ಯದ ಸಹಾಯ.”

“ಹಾಗಾದ್ರೆ ಸಹಾಯ ಬಂದಿಲ್ಲ,” ಎಂದು ಮೇಡಂ ಫೋನ್ ಇಟ್ಟರು. ಅವರ ತಿಳಿಯಾದ ಬುದ್ಧಿಗೆ ನಾನು ಯಾವಾಗಲೂ ತಲೆಬಾಗುತ್ತೇನೆ.

ಸರೋಜಾ ಸಿಸ್ಟರ್ ನನ್ನನ್ನು ಕೆಲವು ಶಬ್ದಗಳಿಂದ ಕರೆದರು, ಅವನ್ನು ಇಲ್ಲಿ ನಮೂದಿಸಿಲ್ಲ. ವಾದಕ್ಕೆ ಹೊತ್ತಿರಲಿಲ್ಲ. ಸಾಯಿಮಾಳನ್ನು ನಡೆಸಿಕೊಂಡು ಹೋಗಿ ನಿಂತ ಆಂಬುಲೆನ್ಸಿನಲ್ಲೇ ಮಲಗಿಸಿದರು. ನಾನು ಕೋನ್‌ಗಳನ್ನು ಸರಿಸಿ ಆಂಬುಲೆನ್ಸನ್ನೂ ವಲಯಕ್ಕೆ ಸೇರಿಸಿದೆ, ಇಲ್ಲದಿದ್ದರೆ ಅವರು ಹೊರಗೆ ಹೋದಂತಾಗುತ್ತಿತ್ತು. ಖೈರುನ್ನೀಸಾ ಮಗಳ ತಲೆಯ ಬಳಿ ಕೂತು ಎರಡೂ ಕೈ ಹಿಡಿದುಕೊಂಡರು. ಅವಳು ಅಮ್ಮೀ ಅಮ್ಮೀ ಎಂದು ಕೂಗುವುದು ರಸ್ತೆಯ ಆಚೆಗೂ ಕೇಳುತ್ತಿತ್ತು. ಮುನಾಫ್ ಸಾಹೇಬರು ಓಮ್ನಿಗೆ ಹಣೆ ಒತ್ತಿ ನಿಂತಿದ್ದರು. ಹರಿಹರದ ದೀಪಗಳು ಅಲ್ಲಿಗೆ ಚೆನ್ನಾಗಿ ಕಾಣುತ್ತವೆ. ಹೋಗಿದ್ದರೆ ಒಂದು ಬೀಡಿ ಸೇದಿ ಮುಗಿಯುವುದರೊಳಗೆ ಆಸ್ಪತ್ರೆ ಮುಟ್ಟಬಹುದಿತ್ತು ಎಂದು ಖಾಜಾ ಹುಸೇನ್ ಮತ್ತೆ ಮತ್ತೆ ಹೇಳುತ್ತಿದ್ದರು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ.

ಗಂಡು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ತಾಯಿಯ ಕೈ ಹಿಡಿದುಕೊಂಡೇ ಹಡೆದಳು, ತವರಿನಲ್ಲೇ ಹಡೆದಳು. ಹಾಗೆ ನೋಡಿದರೆ ಕೋಶದಿಂದ ಅವರ ಒಂದು ಆಸೆಗೂ ಭಂಗ ಬಂದಿಲ್ಲ.

ಮರುದಿನ ನಾನು ವರದಿಯಲ್ಲಿ “ವಲಯದಲ್ಲಿ ಸುರಕ್ಷಿತ ಹೆರಿಗೆ” ಎಂದು ಬರೆದೆ. ಸುರಕ್ಷಿತ ಎಂಬ ಮಾತು ನಮ್ಮದು, ಹೆರಿಗೆ ಅವರದು. ಆದರೆ ಮೇಲಿನವರು ಎರಡನ್ನೂ ಒಟ್ಟಿಗೆ ಓದಿ, ಸುರಕ್ಷಿತ ಹೆರಿಗೆಯಲ್ಲಿ ಮಾಡಿದ ಸಾಧನೆಗಾಗಿ ಶಾಂತಕುಮಾರಿ ಮೇಡಂ ಅವರನ್ನು ಸನ್ಮಾನಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲ ಆಯಿತು. ವಲಯದ ಮುಂದೆ ಫ್ಲೆಕ್ಸ್ ಹಾಕಿದರು, ಅದರಲ್ಲಿ ಮೇಡಂ ಮಗುವನ್ನು ಎತ್ತಿಕೊಂಡಿದ್ದಾರೆ. ಮಗುವಿಗೆ ಹುಜೈಫಾ ಎಂದು ಹೆಸರಿಟ್ಟರು. ಜನ್ಮಸ್ಥಳ ಸುರಕ್ಷಿತ ವಲಯ. ವೀರೇಶ್ ತಮ್ಮ ಖರ್ಚಿನಲ್ಲಿ, ಆಮೇಲೆ ಬಿಲ್ ಮಾಡಿ, ಅಂಗೈಯಗಲದ ಜಾಕೆಟ್ ಹೊಲಿಸಿ ಕೊಟ್ಟರು. ನಮ್ಮ ಕೋಶದ ಇತಿಹಾಸದಲ್ಲಿ ಹುಟ್ಟಿನಿಂದಲೇ ಕಾಯುತ್ತಿರುವ ಮೊದಲ ಪ್ರಜೆ ಇವನು. ಕೋಶದ ಆಚೆ ಅಂಥವರು ಬಹಳ ಇರಬಹುದು, ಅದು ನಮ್ಮ ವ್ಯಾಪ್ತಿಯಲ್ಲ.

ಅಳಿಯನೂ ಬಂದ. ಮಗನ ಮುಖ ನೋಡಿ ಹೋಗುತ್ತೇನೆ ಎಂದು ಬಂದವನ ಬೈಕು ನಿಂತಿತ್ತು. ಅವನ ತಾಯಿ ಮಗನನ್ನು ಹುಡುಕಿಕೊಂಡು ಬಂದಳು. ಒಂದೊಂದೇ ಜಾಕೆಟ್ ಹೆಚ್ಚಾಯಿತು, ಕೋನ್ ಹೆಚ್ಚಾದವು.

ಮಗುವಿನ ಹೊಕ್ಕಳು ಬಿದ್ದ ಮೇಲೆ ಒಂದು ದಿನ, ನಾನು ಮಂಡಕ್ಕಿ ತಿನ್ನುತ್ತಿದ್ದಾಗ, ಹಿಂದಿನಿಂದ ಇಂಜಿನ್ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಮುನಾಫ್ ಸಾಹೇಬರು ಸೀಟು ಎತ್ತಿ ಆ ವೈರ್ ಸಿಕ್ಕಿಸಿಬಿಟ್ಟಿದ್ದಾರೆ. ಓಮ್ನಿ ಹೊಸ ಗಾಡಿಯ ಹಾಗೆ ಗುನುಗುತ್ತಿದೆ. ಎಲ್ಲರೂ ಕೈಕೆಲಸ ಬಿಟ್ಟು ನೋಡುತ್ತಿದ್ದರು. ಇಷ್ಟು ದಿನದಲ್ಲಿ ನನಗೆ ಮೊದಲ ಸಲ ಭಯವಾಯಿತು.

“ಮುನಾಫ್ ಸಾಹೇಬ್ರೆ,” ಎಂದೆ, “ಗಾಡಿ ಸರಿ ಐತೆ ಅಂತಾದ್ರೆ ನೀವು ಕೆಟ್ಟು ನಿಂತೋರಲ್ಲ. ಕೆಟ್ಟು ನಿಂತೋರಲ್ಲ ಅಂದ್ರೆ ಇಲ್ಲಿತನಕ ಕಾದಿದ್ದೆಲ್ಲಾ ಸುಳ್ಳು ದೂರು ಆಗ್ತೈತೆ. ಮೊಮ್ಮಗನ ಜನ್ಮಸ್ಥಳಾನೂ ಸುಳ್ಳಾಗ್ತೈತೆ. ವಿಚಾರ ಮಾಡ್ರಿ.”

ಅವರು ಸ್ಟೇರಿಂಗ್ ಹಿಡಿದುಕೊಂಡೇ ಬಹಳ ಹೊತ್ತು ವಿಚಾರ ಮಾಡಿದರು. ಹಿಂದಿನ ಸೀಟಿನಲ್ಲಿ ಮಗು ಮಲಗಿತ್ತು. ಒಲೆಯ ಮೇಲೆ ಒಗ್ಗರಣೆ ಸೀಯುತ್ತಿತ್ತು. ಹೊರಗೆ ಗಿರಾಕಿಗಳು ನಿಂತಿದ್ದರು. ಖೈರುನ್ನೀಸಾ ಬಂದು ಕಿಟಕಿಯಲ್ಲಿ ಕೈಯಿಟ್ಟು, “ಆರಿಸ್ರಿ, ಕೂಸು ಎಚ್ಚರಾಗ್ತೈತೆ” ಎಂದರು. ಅವರು ಆರಿಸಿದರು. ವೈರನ್ನು ತಾವೇ ಬಿಚ್ಚಿಟ್ಟರು.

ಅಷ್ಟು ಜನ ಬಂದು ಹೋಗುವ ಜಾಗಕ್ಕೆ ಬಸ್ ನಿಲುಗಡೆ ಬೇಕೆಂದು ಸಾರ್ವಜನಿಕರು ಮನವಿ ಕೊಟ್ಟರು, ಮಂಜೂರಾಯಿತು. ನಿಲುಗಡೆಯಲ್ಲಿ ನಿಂತ ಬಸ್ಸು ಕೆಟ್ಟ ವಾಹನವಲ್ಲ ಎಂದು ಮೇಡಂ ವಿಶೇಷ ತಿದ್ದುಪಡಿ ಹೊರಡಿಸಿದರು. ಬೇವಿನ ಮರದ ಕೆಳಗೆ ಕಲ್ಲು ಬೆಂಚು ಹಾಕಿದರು. ಟಿಕೆಟ್ಟಿನಲ್ಲಿ ನಿಲುಗಡೆಯ ಹೆಸರು ‘ಕೆಟ್ಟಕಾರು’ ಎಂದು ಅಚ್ಚಾಗುತ್ತದೆ. ಓಮ್ನಿ ಕಾರಲ್ಲ, ವ್ಯಾನು ಎಂದು ನಾನು ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಮೊನ್ನೆ ನಾನು ಎಂದಿನಂತೆ ಎಣಿಕೆಗೆ ಹೋದಾಗ ಖೈರುನ್ನೀಸಾ ಆ ಬೆಂಚಿನ ಮೇಲೆ ಮೊಮ್ಮಗನನ್ನು ತೊಡೆಯಲ್ಲಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಏಳಲಿಲ್ಲ. ಇವತ್ತು ಬಿಡ್ತೀರೇನ್ರಿ ಎಂದು ಕೇಳಲೂ ಇಲ್ಲ. ಆಗ ಹರಿಹರದ ಬಸ್ಸು ಬಂದು ಅವರ ಮುಂದೆಯೇ ನಿಂತು, ಬಾಗಿಲು ತೆರೆಯಿತು. ಮೊದಲ ದಿನ ನಿಲ್ಲಿಸದೆ ಹೋಗಿದ್ದ ಅದೇ ಕಂಡಕ್ಟರ್ ಕೆಳಗಿಳಿದ.

“ಬರ್ರಿ ಅಮ್ಮಾರೆ, ಹರಿಹರ, ಹರಿಹರ. ಸೀಟ್ ಖಾಲಿ ಅದಾವೆ.”

“ಹರಿಹರದಾಗ ಯಾರದಾರಪ್ಪ,” ಎಂದರು ಖೈರುನ್ನೀಸಾ. “ಎಲ್ಲಾರೂ ಇಲ್ಲೇ ಅದಾರೆ.”

“ಹಂಗಾದ್ರೆ ದಾವಣಗೆರಿಗೆ ಹೋಗ್ರಿ, ಆ ಕಡಿಂದ ಬಸ್ ಬರ್ತೈತೆ. ಮನಿ ಸೇರ್ಕೊಳ್ರಿ.”

ಅವರು ಮಗುವಿನ ಜಾಕೆಟ್ಟಿನ ದಾರ ಬಿಗಿ ಮಾಡಿದರು. “ಹೋಗೋದು ಹೆಂಗಪ್ಪ? ಸಹಾಯ ಬರ್ತೈತಂತೆ. ಬಂದು ನೋಡಿದಾಗ ನಾವಿಲ್ಲಾಂದ್ರೆ ಅವರಿಗೂ ಬೇಜಾರು.”

ಕಂಡಕ್ಟರ್ ಹೌದೆಂದು ತಲೆಯಾಡಿಸಿ ಸೀಟಿ ಊದಿದ. ಬಸ್ಸು ಹೋಯಿತು. ಸಂಜೆ ಎಣಿಸಿದೆ, ಎಲ್ಲರೂ ಇದ್ದರು.